ಬಲಪುಟದ ಮೊದಲ ಸಾಲು

ಆ ಸೋಮವಾರವೂ ನಮ್ಮ ಮನೆ ಎದ್ದದ್ದು ಕುರಿಗಳ ದನಿಗೇ. ಜಗಳೂರಿನಲ್ಲಿ ನಮಗೆ ಕೊಟ್ಟಿದ್ದ ಕ್ವಾರ್ಟರ್ಸು ದನದ ಆಸ್ಪತ್ರೆಯ ಹಿತ್ತಿಲಿಗೆ ಅಂಟಿಕೊಂಡೇ ಇತ್ತು. ನಮ್ಮವರು ಅಲ್ಲಿ ಡಾಕ್ಟರು. ಬೆಳಕು ಹರಿಯುವ ಮೊದಲೇ ಹಳ್ಳಿಗಳಿಂದ ಮಂದೆ ಹೊಡೆದುಕೊಂಡು ಬಂದವರು ಗೇಟಿನ ಹೊರಗೆ ಕಂಬಳಿ ಹೊದ್ದು ಬೀಡಿ ಸೇದುತ್ತ ಕುಳಿತಿರುತ್ತಿದ್ದರು. ನಾನು ಒಲೆ ಹಚ್ಚಿ, ಹಾಲು ಕಾಯಿಸಿ, ಜೋಳದ ಹಿಟ್ಟಿಗೆ ಬಿಸಿನೀರು ಹುಯ್ದು ನಾದಿಕೊಳ್ಳುವುದರೊಳಗೆ ಅತ್ತೆ ಸ್ನಾನ ಮುಗಿಸಿ ವಿಭೂತಿ ಹಚ್ಚಿಕೊಂಡು ಪೂಜೆಗೆ ಕೂತಿರುತ್ತಿದ್ದರು. ಅದು ಶ್ರಾವಣ. ಆದರೆ ಮಳೆಯ ಸುಳಿವಿಲ್ಲ. ಬರೀ ಗಾಳಿ. ಬಾಗಿಲ ಸಂದಿನಿಂದ ನುಗ್ಗಿ, ನಾನು ಆಗಷ್ಟೇ ಒರೆಸಿದ ನೆಲದ ಮೇಲೆ ಕೆಂಪು ಮಣ್ಣಿನ ಒಂದು ಗೆರೆ ಎಳೆದು ಹೋಗುತ್ತಿತ್ತು.

ರೊಟ್ಟಿ ತಟ್ಟುವ ಕೆಲಸ ನನ್ನ ಪಾಲಿಗೆ ಬಂದು ಆಗ ಒಂದು ತಿಂಗಳಾಗಿತ್ತು. ಅಲ್ಲಿಯವರೆಗೆ ಅದು ಅತ್ತೆಯದೇ. ನಾನು ತಟ್ಟಿದರೆ ಅಂಚು ಸೀಳುತ್ತದೆ ಎಂದು ಅವರು ನನ್ನನ್ನು ಕಲ್ಲಿನ ಹತ್ತಿರ ಬಿಟ್ಟುಕೊಂಡವರಲ್ಲ. ಒಂದು ದಿನ ತಾವಾಗಿಯೇ, "ಈಗ ನಿನ್ನ ಕೈ ರೊಟ್ಟಿ ನನ್ನವಕ್ಕಿಂತ ಚೆಂದ ಆಗ್ತಾವೆ ಕಣವ್ವ. ಇನ್ನು ನೀನೇ ತಟ್ಟು" ಅಂದುಬಿಟ್ಟರು. ಮದುವೆಯಾಗಿ ಹನ್ನೆರಡು ವರ್ಷಕ್ಕೆ ಅತ್ತೆಯ ಬಾಯಿಂದ ಬಂದ ಮೊದಲ ಹೊಗಳಿಕೆ. ಅದನ್ನು ನಾನು ತವರಿಗೆ ಕಾಗದದಲ್ಲಿ ಬರೆದು ತಿಳಿಸಿದ್ದೆ ಕೂಡ.

ಆ ಬೆಳಿಗ್ಗೆ ನಮ್ಮವರು ಟೀ ಕುಡಿಯುತ್ತ ಹಿಂದಿನ ದಿನ ಸತ್ತ ಒಂದು ಕುರಿಯ ವಿಷಯ ಹೇಳಿದರು. "ಸಂಜೆ ತನಕ ಮಂದೆ ಜೊತೆ ನೆಟ್ಟಗೆ ನಡೀತಿತ್ತಂತೆ. ಕೊಯ್ದು ನೋಡಿದ್ರೆ ಒಳಗೆ ಏನೂ ಉಳಿದಿರಲಿಲ್ಲ. ಕುರಿ ನೋವು ತೋರಿಸಾದಿಲ್ಲ ಕಣೇ. ಕುಂಟಿದ್ರೆ ತೋಳ ನೋಡುತ್ತೆ ಅಂತ ಅದಕ್ಕೆ ಹುಟ್ಟಿನಿಂದಾನೇ ಗೊತ್ತು. ಬೀಳಾ ಗಳಿಗೆವರೆಗೂ ಸರಿಯಾಗೇ ನಡೀತದೆ." ಹೀಗೆ ಹೇಳಿ, ಲೋಟ ಕೆಳಗಿಟ್ಟು, ಸೈಕಲ್ಲಿಗೆ ಔಷಧಿ ಪೆಟ್ಟಿಗೆ ಕಟ್ಟಿಕೊಂಡು ಹಳ್ಳಿಗೆ ಹೊರಟರು. ಬರುವುದು ಕತ್ತಲಾದ ಮೇಲೆ. ಮಕ್ಕಳು ಶಾಲೆಗೆ ಹೋದರು. ಮನೆಯಲ್ಲಿ ನಾನು, ಅತ್ತೆ, ಮತ್ತು ದೇವರ ಗೂಡಿನಲ್ಲಿ ಹಳದಿ ಬಟ್ಟೆ ಸುತ್ತಿಕೊಂಡು ಕೂತಿದ್ದ ಪುಸ್ತಕ.

ಆ ದಿನ ಆ ಪುಸ್ತಕ ಒಂದು ತೀರ್ಪು ಕೊಡಬೇಕಾಗಿತ್ತು.

ಒಂದೂವರೆ ತಿಂಗಳ ಹಿಂದೆ ಅತ್ತೆಗೆ ಎಣ್ಣೆನೀರು ಹಾಕುವಾಗ ಅವರ ಬಲಗಡೆ, ಕಂಕುಳಿಗೆ ಹತ್ತಿರ, ಎದೆಯಲ್ಲಿ ನನ್ನ ಬೆರಳಿಗೆ ಒಂದು ಗಂಟು ತಗುಲಿತ್ತು. ಹಸಿ ಅಡಿಕೆಯಷ್ಟು. ನನ್ನ ಕೈ ನಿಂತದ್ದು ಅವರಿಗೆ ಗೊತ್ತಾಯಿತು. "ನೋಯಾದಿಲ್ಲ ಅದು. ನೋಯದಿದ್ದಕ್ಕೆ ಯಾತರ ಡಾಕ್ಟ್ರು? ಹಾಕು ನೀರು" ಅಂದರು. ಮಗನಿಗೆ ಹೇಳಕೂಡದೆಂದು, ನೀರು ಇಳಿಯುತ್ತಿದ್ದ ನನ್ನ ಕೈಯನ್ನು ತಮ್ಮ ಕೊರಳಿನ ಲಿಂಗದ ಮೇಲೆ ಇಡಿಸಿಕೊಂಡು ಆಣೆ ಮಾಡಿಸಿದರು. "ಗಂಡುಮಗನ ಮುಂದೆ ಹೇಳಾ ಮಾತಾ ಇದು? ಅದೂ ದನದ ಡಾಕ್ಟ್ರಿಗೆ!" ಎಂದು ನಕ್ಕರು. ನಾನು ನಗಲಿಲ್ಲ. ದಾವಣಗೆರೆಯಲ್ಲಿ ಹೆಂಗಸು ಡಾಕ್ಟರು ಇದ್ದಾರೆ, ಬೆಳಿಗ್ಗೆ ಬಸ್ಸಿಗೆ ಹೋದರೆ ಸಂಜೆಯೊಳಗೆ ಬಂದುಬಿಡಬಹುದು, ನಾನಿರುತ್ತೇನೆ ಎಂದು ದಿನಾ ಗೋಗರೆದೆ. ಕೊನೆಗೆ ಒಂದು ದಿನ ಸಾಕಾಗಿ ಅಂದರು: "ಶ್ರಾವಣ ಸೋಮವಾರ ಪುಸ್ತಕ ಬಿಚ್ಚಾನ. ಅದು ಹೋಗು ಅಂದ್ರೆ ಹೋಗ್ತೀನಿ. ಬ್ಯಾಡ ಅಂದ್ರೆ ನೀನು ಬಾಯಿ ಮುಚ್ಕಂಡಿರಬೇಕು."

ಪುಸ್ತಕ ಅವರ ತವರಿನದು. ಚನ್ನಗಿರಿ ತಾಲ್ಲೂಕಿನಲ್ಲಿ ಸೂಳೆಕೆರೆಯ ದಂಡೆಯ ಒಂದು ಹಳ್ಳಿ. ಅವರ ಅಪ್ಪ ಕೆರೆ ಏರಿಯ ಪಕ್ಕದ ಗುಡಿಯಲ್ಲಿ ಶ್ರಾವಣ ಪೂರ್ತಿ ಅದನ್ನು ಓದುತ್ತಿದ್ದರಂತೆ. ರಟ್ಟು, ಮೊದಲ ಹಾಳೆಗಳು ಹೋಗಿದ್ದರಿಂದ ಅದರ ಹೆಸರೇನು, ಬರೆದವರು ಯಾರು ಎಂಬುದು ನಮಗ್ಯಾರಿಗೂ ಗೊತ್ತಿರಲಿಲ್ಲ. ಪುರಾಣ ಅಂದರೆ ಮನೆಯಲ್ಲಿ ಅದೊಂದೇ. ಏನಾದರೂ ದೊಡ್ಡದನ್ನು ನಿಶ್ಚಯಿಸಬೇಕಾದಾಗ ಅವರ ಮನೆಯಲ್ಲಿ ಅದನ್ನು ಬಿಚ್ಚಿ ನೋಡುವ ಪದ್ಧತಿ. ಕೇಳುವವರು ಕಣ್ಣು ಮುಚ್ಚಿ ಒಂದು ಬಿಲ್ವಪತ್ರೆಯನ್ನು ಹಾಳೆಗಳ ನಡುವೆ ಇಡುತ್ತಾರೆ. ಇನ್ನೊಬ್ಬರು ಅಲ್ಲಿಗೆ ಬಿಚ್ಚಿ, ಬಲಪುಟದ ಮೊದಲ ಸಾಲನ್ನು ಮೂರು ಸಲ ಓದುತ್ತಾರೆ. ಅದೇ ಉತ್ತರ. ನನ್ನನ್ನು ತಂದುಕೊಳ್ಳುವಾಗಲೂ ಬಿಚ್ಚಿದ್ದರಂತೆ. ಏನು ಬಂದಿತ್ತು ಎಂದು ಎಷ್ಟು ಕೇಳಿದರೂ ಅತ್ತೆ ಹೇಳಿರಲಿಲ್ಲ.

ಓದುವವಳು ನಾನು. ಅತ್ತೆಗೆ ಅಕ್ಷರ ಬರುತ್ತಿರಲಿಲ್ಲ.

ನಾನು ಓದಿದ್ದು ಶಿವಮೊಗ್ಗದ ಒಂದು ಕಾನ್ವೆಂಟಿನಲ್ಲಿ. ಅಲ್ಲಿ ನಮಗೆ ಅವರ ಧರ್ಮಗ್ರಂಥದ ಪಾಠ ಮಾಡುತ್ತಿದ್ದ ಸಿಸ್ಟರು ಮಂಗಳೂರು ಕಡೆಯವರು. ಯಾರಾದರೂ ಒಂದೇ ಸಮನೆ ಓದಿಕೊಂಡು ಹೋದರೆ ಸ್ಕೇಲಿನಿಂದ ಮೇಜು ಕುಟ್ಟಿ ನಿಲ್ಲಿಸುವರು. "ಏ ಹುಡುಗಿ, ರೈಲಿನ ಟೈಂ ಟೇಬಲ್ ಓದುವುದಾ ನೀನು? ಈ ಮಾತು ಯಾರು ಹೇಳುವುದು? ಯಾರಿಗೆ ಹೇಳುವುದು? ಯಾವ ಮನಸ್ಸಿನಿಂದ ಹೇಳುವುದು? ಆಮೇಲೆ ಬಾಯಿ ತೆಗೆ." ಒಮ್ಮೆ ಒಂದು ಒಳ್ಳೆಯ ಮಾತನ್ನು ನಾನು ಭಕ್ತಿಯಿಂದ ಕೈಮುಗಿದು ಓದಿದೆ. ಇಡೀ ಕ್ಲಾಸು ನಕ್ಕಿತು. ಅದು ಸೈತಾನನ ಮಾತಾಗಿತ್ತು. ಅವನು ಅಲ್ಲಿ ದೇವರ ಗ್ರಂಥದ್ದೇ ಒಂದು ಮಾತನ್ನು ಬಾಯಿಪಾಠ ಒಪ್ಪಿಸುತ್ತಾನೆ. ಸಿಸ್ಟರು ನಗಲಿಲ್ಲ. "ಮಾತು ಒಳ್ಳೆಯದೇ ಮಗಾ. ಬಾಯಿ ಯಾರದು ನೋಡು" ಅಂದರು.

ಮದುವೆಯಾಗಿ, ನಮ್ಮವರು ಆಗ ಕೆಲಸದಲ್ಲಿದ್ದ ಹೊನ್ನಾಳಿಗೆ ಬಂದ ಮೊದಲ ಶ್ರಾವಣದಲ್ಲಿ, ಆಗ ಎಪ್ಪತ್ತರ ದಶಕ ಶುರುವಾಗಿ ಒಂದೆರಡು ವರ್ಷವಷ್ಟೇ, ಓಣಿಯ ಹೆಂಗಸರ ಮುಂದೆ ಇದೇ ಪುರಾಣ ಓದಲು ಅತ್ತೆ ನನ್ನನ್ನು ಕೂರಿಸಿದರು. ನಾನು ಸಿಸ್ಟರು ಕಲಿಸಿದ ಹಾಗೆ ಓದಿದೆ. ರಾಕ್ಷಸ ಬಂದಲ್ಲಿ ಗದರಿದೆ, ಮಗು ಸತ್ತಲ್ಲಿ ದನಿ ತಗ್ಗಿಸಿದೆ. ಸೆರಗು ಬಾಯಿಗೆ ಅಡ್ಡ ಹಿಡಿದ ಒಬ್ಬಾಕೆ, "ಏನವ್ವ, ನಿನ್ನ ಸೊಸಿ ಪುರಾಣ ಓದ್ತಾಳೋ ಕಂಪ್ನಿ ನಾಟಕ ಆಡ್ತಾಳೋ? ಟಿಕೀಟು ಇಟ್ಟಿದ್ರೆ ಚೆನ್ನಾಗಿತ್ತು" ಎಂದಳು. ಮನೆಗೆ ಬಂದು ಅತ್ತೆ ನನ್ನನ್ನು ಬೈಯಲಿಲ್ಲ. ಎದುರು ಕೂರಿಸಿಕೊಂಡು ರಾಗ ಕಲಿಸಿದರು. "ದೇವರ ಪುಸ್ತಕದಾಗೆ ಎಲ್ಲರಿಗೂ ಒಂದೇ ದನಿ. ರಾಕ್ಷಸಂಗೂ ಅದೇ, ಸ್ವಾಮಿಗೂ ಅದೇ. ಯಾರ ಮಾತು ಯಾವುದು ಅಂಬಾದು ಕೇಳಾರಿಗೆ ಗೊತ್ತಿರಬೇಕು, ಓದಾರು ಕುಣಿಯಾದಲ್ಲ." ಅಂದಿನಿಂದ ನಾನು ಕೆರೆಯ ನೀರಿನ ಹಾಗೆ ಸಮನಾಗಿ ಓದುವುದನ್ನು ಕಲಿತೆ. ಹಾಗೆ ಓದಿದರೆ ಎಲ್ಲ ಮಾತೂ ಚೆಂದವೇ ಕೇಳಿಸುತ್ತಿದ್ದವು; ಯಾರ ಮಾತು ಯಾವುದೆಂದು ನನ್ನ ಮನಸ್ಸಿನಲ್ಲಿ ನಿಲ್ಲುತ್ತಿರಲಿಲ್ಲ.

ನ್ಯಾಮತಿಗೆ ವರ್ಗವಾದ ಮೇಲೆ ಒಂದು ಮಧ್ಯಾಹ್ನ ಶೇಂಗಾ ಸುಲಿಯುತ್ತ ಸಿಸ್ಟರ ಮೂರು ಪ್ರಶ್ನೆಗಳನ್ನು ಅತ್ತೆಗೆ ಹೇಳಿದೆ. ಅವರಿಗೆ ಅದು ಎಷ್ಟು ಹಿಡಿಸಿತೆಂದರೆ ಅಂದಿನಿಂದ ಮನೆಗೆ ಬಂದ ಯಾವ ಮಾತೂ ಪರೀಕ್ಷೆಯಾಗದೆ ಒಳಗೆ ಬರುವಂತಿರಲಿಲ್ಲ. ನಲ್ಲೂರಿನ ನೆಂಟರೊಬ್ಬರು "ನಿಮ್ಮನ್ನು ನೋಡದೆ ಜೀವ ಚಡಪಡಿಸುತ್ತಿದೆ" ಎಂದು ಕಾಗದ ಬರೆದಿದ್ದರು. ನಾನು ಓದಿ ಮುಗಿಸುವಷ್ಟರಲ್ಲಿ ಅತ್ತೆ ಬೆರಳು ಮಡಚತೊಡಗಿದರು. "ಯಾರು ಬರೆದಿದ್ದು? ನಮ್ಮ ಚಿಕ್ಕಪ್ಪನ ಮಗ. ಯಾರಿಗೆ? ನನಗೆ. ಯಾವ ಮನಸ್ಸಿಂದ? ಅವನ ಎಮ್ಮೆ ಗಬ್ಬ ನಿಂತಿಲ್ಲ, ಡಾಕ್ಟ್ರು ಬೇಕಾಗ್ಯಾನೆ!" ಮಾರನೆಯ ವಾರ ಆ ನೆಂಟರು ಎಮ್ಮೆಯ ಸಮಾಚಾರದೊಂದಿಗೇ ಬಂದಿಳಿದರು. ನಾವಿಬ್ಬರೂ ಅಡಿಗೆಮನೆಯಲ್ಲಿ ಸೆರಗು ಕಚ್ಚಿಕೊಂಡು ನಕ್ಕೆವು.

ಇಷ್ಟೆಲ್ಲ ಗೊತ್ತಿದ್ದವಳು ನಾನು. ಆದರೂ ಹಿಂದಿನ ದಿನ, ಭಾನುವಾರ, ಅತ್ತೆ ಮಠಕ್ಕೆ, ಮಕ್ಕಳು ಆಟಕ್ಕೆ ಹೋಗಿದ್ದಾಗ ನಾನು ಮಾಡಿದ ಕೆಲಸ ಬೇರೆ.

ಹಳೆಯ ಪುಸ್ತಕಕ್ಕೆ ಒಂದು ಸ್ವಭಾವವಿದೆ. ಎಲ್ಲಿ ಬಹಳ ಹೊತ್ತು ತೆರೆದಿಟ್ಟಿರುತ್ತೀರೋ ಅಲ್ಲಿ ಅದರ ಬೆನ್ನು ಸಡಿಲವಾಗುತ್ತದೆ. ಆಮೇಲೆ ಮುಚ್ಚಿದರೂ ಅಲ್ಲಿಗೇ ಬಾಯಿ ಬಿಡುತ್ತದೆ. ಕಾನ್ವೆಂಟಿನ ಲೈಬ್ರರಿಯಲ್ಲಿ ನಾನು ಕಂಡಿದ್ದ ವಿಷಯ ಅದು. ಅತ್ತೆ ಅತ್ತ ಹೋದದ್ದೇ ನಾನು ಕೈತೊಳೆದು ಪುಸ್ತಕ ಇಳಿಸಿಕೊಂಡೆ. ಬಲಪುಟಗಳ ಮೊದಲ ಸಾಲನ್ನು ಮಾತ್ರ ನೋಡುತ್ತ ಹಾಳೆ ತಿರುವಿದೆ. ಹೋಗು ಅನ್ನುವ ಮಾತೊಂದು ಬೇಕಿತ್ತು. ಯುದ್ಧ, ಹೂವಿನ ವರ್ಣನೆ, ಶಾಪ, ಮತ್ತೆ ಯುದ್ಧ. ಬೀದಿಯಲ್ಲಿ ಚಪ್ಪಲಿ ಸಪ್ಪಳವಾದಾಗಲೆಲ್ಲ ಪುಸ್ತಕದ ಮೇಲೆ ಸೆರಗು ಎಳೆಯುತ್ತಿದ್ದೆ. ಅರ್ಧ ಪುಸ್ತಕ ದಾಟಿದ ಮೇಲೆ ಸಿಕ್ಕಿತು. "ಏಳು ತಾಯೆ ತಡವದೇಕೆ, ಅಂಜದೆ ನಡೆ, ಬಂಡಿ ಬಾಗಿಲೊಳಿಹುದು." ದಾವಣಗೆರೆ ಬಸ್ಸೇ ಬಾಗಿಲಿಗೆ ಬಂದು ನಿಂತಂತಾಯಿತು ನನಗೆ. ಹಿಂದೆ ಮುಂದೆ ಒಂದು ಸಾಲೂ ಓದಲಿಲ್ಲ. ಅಲ್ಲಿಗೆ ಬಿಡಿಸಿ, ಮೇಲೆ ಒಂದು ಪಂಚೆ ಹಾಸಿ, ಅದರ ಮೇಲೆ ರುಬ್ಬುವ ಗುಂಡನ್ನು ಹೇರಿಟ್ಟೆ. ಸಂಜೆವರೆಗೆ ಅದು ಹಾಗೇ ಇತ್ತು. ಅತ್ತೆಯ ದನಿ ತಿರುವಿನಲ್ಲಿ ಕೇಳಿದಾಗ ತೆಗೆದು, ಬಟ್ಟೆ ಸುತ್ತಿ ಗೂಡಿಗೆ ಸೇರಿಸಿದೆ.

ಸೋಮವಾರ ಹತ್ತು ಗಂಟೆಯ ಹೊತ್ತಿಗೆ ಅತ್ತೆ ಪೂಜೆ ಮುಗಿಸಿ ನನ್ನನ್ನು ಕರೆದರು. ದೀಪದ ಬತ್ತಿ ಗಾಳಿಗೆ ಒಂದೇ ಕಡೆ ಬಾಗಿ ಉರಿಯುತ್ತಿತ್ತು. ಹೊರಗೆ ಕುರಿಗಳು ಇದ್ದಕ್ಕಿದ್ದಂತೆ ಸುಮ್ಮನಾಗಿದ್ದವು. ನಾನು ಪುಸ್ತಕವನ್ನು ಪೀಠದ ಮೇಲೆ ನಿಲ್ಲಿಸಿ ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅತ್ತೆ ಕಣ್ಣು ಮುಚ್ಚಿದರು. ಬಲಗೈಯ ಬೆರಳಲ್ಲಿ ಪತ್ರೆ ಹಿಡಿದು, ಮೊಳಕೈಗೆ ಎಡಗೈ ಆನಿಸಿ, ಸ್ವಾಮಿಗಳಿಗೆ ಕಾಣಿಕೆ ಒಪ್ಪಿಸುವವರ ಹಾಗೆ ನಿಧಾನವಾಗಿ ಮುಂದೆ ತಂದರು. ಎಷ್ಟು ಭಕ್ತಿ ಎಂದುಕೊಂಡೆ. ಪತ್ರೆ ತಾನಾಗಿ ದಾರಿ ಗೊತ್ತಿದ್ದ ಹಾಗೆ ಒಳಗೆ ಜಾರಿತು.

ಬಿಚ್ಚಿದೆ. ಅದೇ ಪುಟ. ಸಮನಾದ ರಾಗದಲ್ಲಿ ಮೂರು ಸಲ ಓದಿದೆ. ಏಳು ತಾಯೆ ತಡವದೇಕೆ, ಅಂಜದೆ ನಡೆ, ಬಂಡಿ ಬಾಗಿಲೊಳಿಹುದು. ಮೂರನೆಯ ಸಲ ನನ್ನ ದನಿಯಲ್ಲಿ ಸಂತೋಷ ಇಣುಕಿರಬೇಕು.

ಅತ್ತೆ ಕಣ್ಣು ತೆಗೆಯಲಿಲ್ಲ. ಹಾಗೇ ಕೇಳಿದರು. "ಯಾರು ಹೇಳಿದ್ದು?"

ನಾನು ಪತ್ರೆಯನ್ನು ಪುಟದ ಅಂಚಿಗೆ ಸರಿಸಿದೆ.

"ಕೇಳಿದ್ನಲ್ಲವ್ವ. ಯಾರು, ಯಾರಿಗೆ ಹೇಳಿದ್ದು?"

ಆಗಲೇ ನನ್ನ ಕಣ್ಣು ಎಡಪುಟಕ್ಕೆ ಹೋದದ್ದು. ಕೊನೆಯ ಸಾಲು. ಮಂತ್ರಿ ನಗುತ್ತ ನುಡಿದನು ಎಂದಿತ್ತು. ಬೇರೆ ಏನಾದರೂ ಹೇಳಬಹುದಿತ್ತು, ಅತ್ತೆಗೆ ಓದಲು ಬರುವುದಿಲ್ಲ. ಗುರುಗಳು ಹೇಳಿದ್ದು ಅನ್ನಬಹುದಿತ್ತು. ಆದರೆ ಅಷ್ಟರಲ್ಲಿ ಅವರೇ ಶುರು ಮಾಡಿದ್ದರು, ಕಣ್ಣು ಮುಚ್ಚಿಕೊಂಡೇ.

"ಮಂತ್ರಿ ಹೇಳಿದ್ದು ಅದು. ರಾಣಿಗೆ. ನಮ್ಮಪ್ಪ ಓದುವಾಗ ಎಷ್ಟು ಸಲ ಕೇಳೀನಿ. ರಾಣಿ ಜರ ಬಂದು ಮಲಗಿರ್ತಾಳೆ. ಒಳ್ಳೆ ವೈದ್ಯರ ತಾವ ಕರ್ಕಂಡು ಹೋಗ್ತೀನಿ ಅಂತ ನಯವಾಗಿ ಮಾತಾಡಿ ಬಂಡಿ ಹತ್ತಿಸ್ತಾನೆ. ಬಂಡಿ ಊರ ಹೊರಗಿನ ಹಾಳು ಗುಡಿ ತಾವ ನಿಲ್ತದೆ. ಅಲ್ಲಿ ಕತ್ತಿ ಹಿಡಿದಾರು ಕಾಯ್ತಿರ್ತಾರೆ. ಆಕಿ ವಾಪಸ್ ಬರಾದಿಲ್ಲ." ಕಣ್ಣು ತೆಗೆದು ನನ್ನನ್ನು ನೋಡಿದರು. ಅವರ ಮುಖದಲ್ಲಿ ಭಯವಿರಲಿಲ್ಲ. ಗೆದ್ದವರ ನಗುವೂ ಇರಲಿಲ್ಲ. "ಆತಲ್ಲವ್ವ. ಪುಸ್ತಕ ಬ್ಯಾಡ ಅಂತು. ಕಟ್ಟಿಡು."

ಕಟ್ಟುವಾಗ ಹಳದಿ ಬಟ್ಟೆಯ ಗಂಟು ನನ್ನ ಕೈಗೆ ಎರಡು ಸಲ ಬಿಚ್ಚಿಕೊಂಡಿತು.

ಮಧ್ಯಾಹ್ನದವರೆಗೆ ನನಗೆ ತಡೆದುಕೊಳ್ಳಲಾಗಲಿಲ್ಲ. ಅತ್ತೆ ಪಡಸಾಲೆಯಲ್ಲಿ ಮೊರದ ಮುಂದೆ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ಎದುರು ಕೂತು ಹೇಳಿಬಿಟ್ಟೆ. "ಅತ್ತೆ, ಆ ಪುಟ ತಾನಾಗಿ ಬರಲಿಲ್ಲ. ನಿನ್ನೆ ನಾನೇ ರುಬ್ಬುಗುಂಡು ಹೇರಿ ಬಿಡಿಸಿಟ್ಟಿದ್ದೆ."

"ಗೊತ್ತು" ಅಂದರು, ಕಲ್ಲಿನಿಂದ ಕಣ್ಣು ತೆಗೆಯದೆ.

"ಗೊತ್ತಾ?"

"ಪತ್ರೆ ಇಡಾಕೆ ಬಗ್ಗಿದಾಗ ಬೆಳ್ಳುಳ್ಳಿ ವಾಸ್ನೆ ಹೊಡೀತು. ನಮ್ಮಪ್ಪನ ಪುಸ್ತಕ ಯಾವತ್ತು ಚಟ್ನಿ ತಿಂದಿತ್ತು?"

ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ಅವರ ಮೊರ ಹಿಡಿದುಕೊಂಡೆ. "ಹಾಗಾದರೆ ಅದು ಲೆಕ್ಕಕ್ಕಿಲ್ಲ ಅಲ್ಲವಾ? ಪುಸ್ತಕ ಹೇಳಿದ್ದಲ್ಲ ಅದು, ನಾನು ಹೇಳಿಸಿದ್ದು. ನಾಳೆ ಹೋಗೋಣ. ಬೇಕಾದರೆ ಮತ್ತೊಂದು ಸಲ ಬಿಚ್ಚೋಣ, ನಾನು ಮುಟ್ಟುವುದೂ ಇಲ್ಲ."

"ದೇವರನ್ನ ಎರಡು ಸಲ ಕೇಳಬಾರ್ದು. ಮೊದಲ್ನೇ ಸಲ ಸುಳ್ಳು ಹೇಳಿದ್ಯಾ ಅಂದಂಗೆ ಆಗ್ತದೆ." ಮೊರವನ್ನು ಮೆಲ್ಲಗೆ ನನ್ನ ಕೈಯಿಂದ ಬಿಡಿಸಿಕೊಂಡರು. "ನೀನೇ ಇಟ್ಟೀಯ, ಒಪ್ತೀನಿ. ಒಳ್ಳೆ ಮನಸ್ಸಿಂದಾನೇ ಇಟ್ಟೀಯ, ಅದೂ ಗೊತ್ತು. ಅಷ್ಟು ದಪ್ಪ ಪುಸ್ತಕದಾಗೆ ಆ ಪುಟಾನೇ ನಿನ್ನ ಕೈಗೆ ಕೊಟ್ಟೋರು ಯಾರು? ಯಾರಿಗೆ ಅಂತ ಕೊಟ್ರು? ಯಾವ ಮನಸ್ಸಿಂದ ಕೊಟ್ರು? ಅದನ್ನ ಹೇಳು. ನಿಮ್ಮ ಸಿಸ್ಟರಮ್ಮನ್ನ ಬೇಕಾದ್ರೆ ಕೇಳಿ ಹೇಳು."

ಅದಕ್ಕೆ ಉತ್ತರ ಇಷ್ಟು ವರ್ಷವಾದ ಮೇಲೂ ನನಗೆ ಹೊಳೆದಿಲ್ಲ. ಆ ಸಾಲನ್ನು ಬರೆದವನು, ಯಾವ ಕಾಲದವನೋ, ಅದನ್ನು ಯಾರಿಗೂ ಅಪ್ಪಣೆಯಾಗಿ ಬರೆದಿರಲಿಕ್ಕಿಲ್ಲ. ನಯವಾದ ಮಾತನ್ನು ನಂಬಬೇಡಿ ಎಂದು ಎಚ್ಚರಿಸಲು ಬರೆದಿದ್ದ, ಅಷ್ಟೆ. ಅವನ ಎಚ್ಚರಿಕೆಯನ್ನು ನಾನು ಹರಸಿದ ಮಾತಿನಂತೆ ಹಿಡಿದುಕೊಂಡು ಹೋದೆ. ಅತ್ತೆ ಅದನ್ನು ಎಚ್ಚರಿಕೆಯೆಂದೇ ಕೇಳಿದರು. ಓದಿದವಳು ತಪ್ಪು ಓದಿದೆ, ಓದು ಬಾರದವರು ಸರಿಯಾಗಿ ಓದಿದರು.

"ನಾನು ಆಣೆ ಮುರೀತೀನಿ ಅತ್ತೆ. ಇವತ್ತು ಇವರು ಬಂದ ಕೂಡಲೇ ಹೇಳ್ತೀನಿ" ಅಂದೆ.

"ಅವನು ಕುರಿ ಡಾಕ್ಟ್ರು" ಅಂದರು. ಆಮೇಲೆ ಮೆತ್ತಗೆ, "ನೋವಿಲ್ಲ ಕಣವ್ವ. ನಿನ್ನಾಣೆ ನೋವಿಲ್ಲ. ನೋವಿದ್ದಿದ್ರೆ ನಾನು ಹಿಂಗೆ ಓಡಾಡ್ಕಂಡು ಇರ್ತಿದ್ನಾ? ಅಡಿಕೆಯಷ್ಟಿತ್ತು, ಈಗ ಅಷ್ಟೂ ಇಲ್ಲ. ತಾನೇ ಕರಗ್ತದೆ" ಅಂದರು. ಪುರಾಣದ ರಾಗದಲ್ಲಿ ಓದಿದ ಹಾಗೆ, ಒಂದೇ ಸಮನಾದ ದನಿ. ಏರಿಲ್ಲ, ಇಳಿವಿಲ್ಲ. ಆ ದನಿಯಲ್ಲಿ ಎಲ್ಲ ಮಾತೂ ಚೆಂದವೇ ಕೇಳಿಸುತ್ತದೆ. ನಾನು ಅರ್ಧ ನಂಬಿದೆ. ನಂಬಬೇಕೆಂದು ಆಸೆಯೂ ಇತ್ತು. ಅಷ್ಟು ದಿನ ನೋವಿಲ್ಲ ಎಂದವರಿಗೆ ಇನ್ನೆರಡು ದಿನದಲ್ಲಿ ಏನಾಗುತ್ತದೆ, ಈ ವಾರ ಕಳೆಯಲಿ, ಆಣೆ ಯಾಕೆ ಮುರಿಯಬೇಕು ಎಂದು ಒಳಗೊಳಗೇ ಜಾರಿಕೊಳ್ಳುತ್ತಿದ್ದೆ.

ಸಂಜೆ ಅತ್ತೆ ಮಠದ ಪ್ರವಚನಕ್ಕೆ ಹೊರಟರು. ಹಿತ್ತಿಲ ಬಾಗಿಲಲ್ಲಿ ನಿಂತು ಸೆರಗನ್ನು ಭುಜದ ಸುತ್ತ ಬಿಗಿಯಾಗಿ ಎಳೆದುಕೊಂಡರು, ಚಳಿ ಇಲ್ಲದಿದ್ದರೂ. "ರಾತ್ರಿಗೂ ನಾಕು ರೊಟ್ಟಿ ತಟ್ಟು. ಅವನಿಗೆ ನಿನ್ನ ಕೈವೇ ಸೇರ್ತಾವೆ ಈಗ" ಎಂದು ಹೇಳಿ ನಡೆದರು. ನಾನು ನೋಡುತ್ತ ನಿಂತೆ. ನೆಟ್ಟಗೇ ನಡೆಯುತ್ತಿದ್ದರು. ಗಾಳಿ ನಿಂತುಹೋಗಿತ್ತು. ಆಸ್ಪತ್ರೆಯ ಅಂಗಳದಲ್ಲಿ ಯಾರೋ ಬಿಟ್ಟುಹೋದ ಒಂದು ಕುರಿ ಗೂಟಕ್ಕೆ ಕಟ್ಟಿದ ಹಗ್ಗದಷ್ಟು ದೂರ ಬಂದು, ಕೂಗದೆ, ನಮ್ಮ ಕಡೆಗೇ ನೋಡುತ್ತಿತ್ತು.

ಹಿಟ್ಟಿನ ಡಬ್ಬಿ ಇಳಿಸುತ್ತಿದ್ದಾಗ ಪಕ್ಕದ ಮನೆಯ ಮೇಷ್ಟ್ರ ಹೆಂಡತಿ ಗೋಡೆಯಾಚೆಯಿಂದ ಬಟ್ಟಲು ಚಾಚಿದರು. ಮೊಸರಿಗೆ ಹೆಪ್ಪು ಬೇಕಾಗಿತ್ತು. ಕೊಟ್ಟೆ. ಮಳೆ ಇಲ್ಲ, ಬಾವಿ ನೀರು ಕೆಳಗಿಳಿದಿದೆ, ಮಗಳು ಲೆಕ್ಕದಲ್ಲಿ ಹಿಂದೆ ಎಂದೆಲ್ಲ ಒಂದಿಷ್ಟು ಮಾತಾಡಿದರು. ಬಟ್ಟಲು ತಗೊಂಡು ಹೊರಟವರು ಏನೋ ನೆನಪಾದಂತೆ ತಿರುಗಿದರು.

"ಅಲ್ರೀ, ಕೇಳಾನ ಅಂತ ಮರ್ತೇಬಿಡ್ತಿದ್ದೆ. ನಿಮ್ಮತ್ತೇರು ಮೊದಲಿಂದಾನೂ ಎಡಚರೇನ್ರಿ? ಈಗೊಂದು ತಿಂಗಳಿಂದ ನಮ್ಮ ಅಡಿಗೆಮನೆ ಕಿಟಕೀಲಿ ಕಾಣ್ತಾರೆ ನೋಡ್ರಿ, ನೀವು ಒಳಗಿದ್ದಾಗ ತಲೆ ಬಾಚ್ಕಂಬಾದು, ಬಿಂದಿಗೆ ಎತ್ತಾದು, ಎಲ್ಲಾ ಎಡಗೈಲೇ. ಬಲಗೈನ ಸೆರಗಿನಾಗೆ ಜೋಲಿ ಕಟ್ಕಂಡಂಗೆ ಕಟ್ಕಂಡಿರ್ತಾರೆ. ನಮ್ಮ ಹುಡುಗೀನೂ ಎಡಚೀನೇ, ಅದಕ್ಕೇ ಕೇಳ್ದೆ ಅಷ್ಟೇರಿ."